ಸ್ತನದ ಆಪರೇಷನ್ ಆದ ಮೇಲೆ: ಹಾಗೇ ಬಿಡುವುದಾ, ಪ್ಯಾಡ್ ಇಡುವುದಾ, ಮತ್ತೆ ಕಟ್ಟಿಸುವುದಾ?

ಕ್ಯಾನ್ಸರ್‌ಗಾಗಿ ಒಂದು ಸ್ತನವನ್ನು ಪೂರ್ತಿ ತೆಗೆದ ಮೇಲೆ ಮುಂದಿರುವ ದಾರಿಗಳು ಮುಖ್ಯವಾಗಿ ನಾಲ್ಕು. ಎದೆಯನ್ನು ಹಾಗೇ ಸಪಾಟಾಗಿ ಬಿಡುವುದು. ಬ್ರಾ ಒಳಗೆ ಹತ್ತಿಯ ಪ್ಯಾಡ್ ಇಡುವುದು. ಸಿಲಿಕೋನ್ ಪ್ಯಾಡ್ ಇಡುವುದು. ಇಲ್ಲಾ ಇನ್ನೊಂದು ಆಪರೇಷನ್ ಮಾಡಿಸಿ ಸ್ತನವನ್ನು ಮತ್ತೆ ಕಟ್ಟಿಸಿಕೊಳ್ಳುವುದು. ಯಾವುದು ಒಳ್ಳೆಯದು ಅಂತ ಕೇಳಿದರೆ ಎಲ್ಲರೂ ಖರ್ಚು, ವಯಸ್ಸು, ಆರೋಗ್ಯದ ಲೆಕ್ಕ ಹೇಳುತ್ತಾರೆ. ಆ ಲೆಕ್ಕವೂ ಬೇಕು. ಅದಕ್ಕಿಂತ ಮೊದಲು ನಿಮ್ಮನ್ನು ನೀವೇ ಒಂದು ಮಾತು ಕೇಳಿಕೊಳ್ಳಿ: ಕಷ್ಟ ಆಗ್ತಿರೋದು ಎಲ್ಲಿ?

ಕೆಲವರಿಗೆ ಕಷ್ಟ ಮನೆ ಹೊರಗೆ. ಬಸ್ಸಿನಲ್ಲಿ, ಆಫೀಸಿನಲ್ಲಿ, ಮದುವೆಮನೆಯಲ್ಲಿ ಸೆರಗು ಸರಿದರೆ ಯಾರಾದರೂ ನೋಡುತ್ತಾರೇನೋ ಅನ್ನುವ ಭಯ. ಕೆಲವರಿಗೆ ಹೊರಗೆ ಏನೂ ಅನ್ನಿಸುವುದಿಲ್ಲ, ಬಚ್ಚಲಮನೆಯಲ್ಲಿ ಬಟ್ಟೆ ತೆಗೆದಾಗ ಕಣ್ಣಲ್ಲಿ ನೀರು ಬರುತ್ತದೆ. ಇನ್ನು ಕೆಲವರಿಗೆ ಗಂಡನ ಪಕ್ಕ ಮಲಗಿದಾಗ. ಪ್ಯಾಡ್‌ನಿಂದ ಹೊರಗಿನ ಕಷ್ಟ ಚೆನ್ನಾಗಿ ಕಳೆಯುತ್ತದೆ. ಬಚ್ಚಲಮನೆಯ ಕಷ್ಟಕ್ಕೆ ಅದು ಏನೂ ಮಾಡದು. ಕಟ್ಟಿಸುವ ಆಪರೇಷನ್ ಬಚ್ಚಲಮನೆಯದನ್ನು ಕಡಿಮೆ ಮಾಡಬಹುದು, ಮಲಗುವ ಕೋಣೆಯದನ್ನು ಅರ್ಧಂಬರ್ಧ. ಮನಸ್ಸಿನ ದುಃಖಕ್ಕೆ ಬೇಕಾದ ಸಹಾಯವೇ ಬೇರೆ, ಅದರಲ್ಲೂ ಆಯ್ಕೆಗಳಿವೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಆಪರೇಷನ್ ಇನ್ನೂ ಆಗದೇ ಇದ್ದರೆ ಒಂದು ಮಾತು. ಗಡ್ಡೆ ಚಿಕ್ಕದಿದ್ದಾಗ, ಬೇಗ ಸಿಕ್ಕಾಗ, ಎಷ್ಟೋ ಜನರಿಗೆ ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟು ಸ್ತನ ಉಳಿಸಬಹುದು. ಅಮೆರಿಕದ ಸರ್ಜನ್ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಸರ್ಜನ್ ಉಂಬೆರ್ತೊ ವೆರೊನೇಸಿ ಅವರ ತಂಡಗಳು ಎರಡೂ ಬಗೆಯ ಆಪರೇಷನ್ ಆದವರನ್ನು 20 ವರ್ಷ ಗಮನಿಸಿ 2002ರಲ್ಲಿ ಫಲಿತಾಂಶ ಕೊಟ್ಟವು. ಬದುಕುಳಿಯುವ ಲೆಕ್ಕದಲ್ಲಿ ವ್ಯತ್ಯಾಸ ಸಿಗಲಿಲ್ಲ. "ಪೂರ್ತಿ ತೆಗೆಸಿಬಿಡು, ಪೀಡೆ ತೊಲಗಲಿ" ಅನ್ನುವ ಚಿಕ್ಕಮ್ಮ ದೊಡ್ಡಮ್ಮಂದಿರ ಸಲಹೆಗೆ ಮುಂಚೆ ಸರ್ಜನ್ ಹತ್ತಿರ ಇದನ್ನು ಕೇಳಿ. ನಿಮಗೆ ಅದು ಆಗದು ಅಂದರೆ ಯಾಕೆ ಆಗದು ಅಂತಲೂ ಕೇಳಿ. ರೇಡಿಯೇಷನ್ ಅಂದರೆ ನಮ್ಮ ಜನ "ಕರೆಂಟ್ ಕೊಡೋದು" ಅನ್ನುತ್ತಾರಲ್ಲ, ಅದೇ. ಮುಂದೆ ಈ ಕರೆಂಟಿನ ಮಾತು ಮತ್ತೆ ಬರುತ್ತದೆ.

ಹಾಗೇ ಬಿಡುವುದು

ಇದನ್ನು ಎಲ್ಲರೂ "ಏನೂ ಮಾಡಿಸದೇ ಇರುವುದು" ಅಂದುಕೊಳ್ಳುತ್ತಾರೆ. ದುಡ್ಡಿಲ್ಲದವರ ದಾರಿ, ವಯಸ್ಸಾದವರ ದಾರಿ ಅಂತ. ನನಗೆ ಇದು ಸರಿ ಕಾಣುವುದಿಲ್ಲ. ನೀಟಾಗಿ ಸಪಾಟಾಗಿ ಬರಬೇಕು ಅಂದರೆ ಸರ್ಜನ್ ಕೈಚಳಕ ಬೇಕು. ಹೆಚ್ಚಿನ ಚರ್ಮ ತೆಗೆದು ಎಳೆದು ಹೊಲಿಯದಿದ್ದರೆ ಅಲ್ಲಲ್ಲಿ ಮಡಿಕೆ ಉಳಿಯುತ್ತದೆ. ಕಂಕುಳ ಪಕ್ಕ ಒಂದು ಗಂಟು ಜೋತು ಬೀಳುತ್ತದೆ, ಅದು ಬ್ರಾ ಪಟ್ಟಿಗೆ ಉಜ್ಜಿ ದಿನವೂ ಕಾಟ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 2020ರಲ್ಲಿ "ಏಸ್ಥೆಟಿಕ್ ಫ್ಲಾಟ್ ಕ್ಲೋಷರ್" (ನೀಟಾಗಿ ಸಪಾಟಾಗಿ ಹೊಲಿಯುವುದು) ಅನ್ನುವ ಹೆಸರನ್ನು ತನ್ನ ನಿಘಂಟಿಗೆ ಸೇರಿಸಿತು. ಅಂದರೆ ಇದೂ ಹೆಸರಿರುವ, ಕೇಳಿ ಮಾಡಿಸಿಕೊಳ್ಳುವ ಕೆಲಸ. ಆಪರೇಷನ್‌ಗೆ ಮೊದಲೇ "ನನಗೆ ಮತ್ತೆ ಕಟ್ಟಿಸೋದು ಬೇಡ ಡಾಕ್ಟ್ರೇ, ಸಪಾಟಾಗಿ ನೀಟಾಗಿ ಹೊಲಿದುಕೊಡಿ" ಅಂತ ಬಾಯಿಬಿಟ್ಟು ಹೇಳಬೇಕು. ಮುಂದೆ ಕಟ್ಟಿಸುವ ಯೋಚನೆ ಸ್ವಲ್ಪವಾದರೂ ಇದ್ದರೆ ಅದನ್ನೂ ಹೇಳಬೇಕು, ಆಗ ಅವರು ಚರ್ಮವನ್ನು ಬೇರೆ ಥರ ಉಳಿಸಬಹುದು.

ಲಾಭ ಏನು? ಒಂದೇ ಆಪರೇಷನ್. ಗಾಯ ಬೇಗ ಮಾಯುತ್ತದೆ. ಕೀಮೋ, ಕರೆಂಟು ತಡವಾಗುವುದಿಲ್ಲ. ಏಪ್ರಿಲ್ ಬಿಸಿಲಿಗೆ ಎದೆ ಮೇಲೆ ಬೆವರುವ ಪ್ಯಾಡ್ ಇಲ್ಲ.

ಕಷ್ಟ ಇರುವುದು ಇನ್ನೊಂದು ಸ್ತನ ದೊಡ್ಡದಿದ್ದವರಿಗೆ. ಒಂದು ಕಡೆ ಮಾತ್ರ ಭಾರ, ಭುಜ ವಾಲಿದ ಹಾಗೆ, ಬ್ರಾ ಮೇಲೆ ಮೇಲೆ ಏರುವುದು. ಅಂಥವರಿಗೆ ಪ್ಯಾಡ್ ಹಿತ ಅನ್ನಿಸಬಹುದು. ಇಲ್ಲವೇ ಇನ್ನೊಂದನ್ನು ಸರ್ಜನ್ ಹತ್ತಿರ ಸ್ವಲ್ಪ ಚಿಕ್ಕದು ಮಾಡಿಸಬಹುದು. ಕೆಲವರು ಭಯಕ್ಕೆ ಚೆನ್ನಾಗಿರುವ ಇನ್ನೊಂದು ಸ್ತನವನ್ನೂ ತೆಗೆಸಿಬಿಡುತ್ತಾರೆ. ಬಿಆರ್‌ಸಿಎ ಥರದ, ಮನೆತನದಲ್ಲಿ ಹರಿದುಬರುವ ಜೀನ್ ದೋಷ ಇದ್ದವರ ವಿಷಯ ಬೇರೆ. ಅದಿಲ್ಲದವರಿಗೆ ಹೀಗೆ ತೆಗೆಸುವುದರಿಂದ ಆಯಸ್ಸು ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಬಟ್ಟೆಯ ಮಟ್ಟಿಗೆ ನಮ್ಮ ಸೀರೆ, ದುಪ್ಪಟ್ಟಾ ದೊಡ್ಡ ಅನುಕೂಲ. ನೆರಿಗೆ ಹಿಡಿದು ಬಿಗಿಯಾಗಿ ಪಿನ್ ಮಾಡಿದ ಸೆರಗಿಗಿಂತ ಹರಡಿ ಬಿಟ್ಟ ಸೆರಗಿನಲ್ಲಿ ವ್ಯತ್ಯಾಸ ಕಾಣುವುದು ಕಡಿಮೆ. ಕನ್ನಡಿಯಲ್ಲಿ ಎದುರಿನಿಂದ ಮಾತ್ರ ನೋಡದೆ ಪಕ್ಕದಿಂದಲೂ ನೋಡಿ. ಪ್ಲೇನ್ ಬಣ್ಣಕ್ಕಿಂತ ಪ್ರಿಂಟು, ತೆಳು ಬಟ್ಟೆಗಿಂತ ಸ್ವಲ್ಪ ದಪ್ಪ ಬಟ್ಟೆ ವಾಸಿ. ಕಪ್ ಇಟ್ಟು ಹೊಲಿದ ಕಟೋರಿ ಬ್ಲೌಸ್ ಸಪಾಟು ಕಡೆ ಮುದ್ದೆಯಾಗುತ್ತದೆ. ಟೈಲರ್‌ಗೆ ಹೇಳಿದರೆ ಆ ಕಡೆ ಟಕ್ಸ್ ಕಡಿಮೆ ಹಿಡಿದು ಹೊಲಿದುಕೊಡುತ್ತಾರೆ. ಕಂಕುಳ ಗ್ರಂಥಿ ತೆಗೆದಿದ್ದರೆ ಆ ಕಡೆ ತೋಳು ಬಿಗಿ ಬೇಡ, ಸಡಿಲ ಇರಲಿ. ತೋಳು ಭಾರ ಅನ್ನಿಸಿದರೆ, ಬಳೆ ಬಿಗಿಯಾದರೆ, ಅದು ಬಾವಿನ ಮುನ್ಸೂಚನೆ. ಡಾಕ್ಟರ್‌ಗೆ ತೋರಿಸುವುದನ್ನು ಮುಂದೂಡಬೇಡಿ.

ಹತ್ತಿಯದಾ, ಸಿಲಿಕೋನಿನದಾ?

ಮೊದಲ ಕೆಲವು ವಾರಕ್ಕೆ ಈ ಪ್ರಶ್ನೆಯೇ ಇಲ್ಲ, ಹತ್ತಿಯದೇ. ಗಾಯ ಹಸಿ ಇರುವಾಗ ಎದೆ ಮೇಲೆ ಭಾರ ಇಡಬಾರದು. ಸಿಲಿಕೋನ್ ಪ್ಯಾಡ್ ಹಾಕಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಕಾಯಿರಿ ಅನ್ನುತ್ತಾರೆ. ಕರೆಂಟ್ ಕೊಡುತ್ತಿದ್ದರೆ ಚರ್ಮ ಸುಧಾರಿಸುವ ತನಕ ಇನ್ನೂ ಜಾಸ್ತಿ.

ಹತ್ತಿಯದು ಅಂದರೆ ನೂಲಿನಿಂದ ಹೆಣೆದು ಒಳಗೆ ಮೆತ್ತನೆ ಫೈಬರ್ ತುಂಬಿದ ಪ್ಯಾಡ್. ಮುಂಬೈಯ ಸಾಯಿಶಾ ಇಂಡಿಯಾ ಫೌಂಡೇಶನ್‌ನ ಸ್ವಯಂಸೇವಕಿಯರು ಇಂಥವನ್ನು ಕ್ರೋಷಾ ಹಾಕಿ ಉಚಿತವಾಗಿ ಕೊಡುತ್ತಾರೆ. ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸಿದರೆ ಆಯಿತು. ಬೆವರು ಹೀರುತ್ತದೆ, ಮೈಗೆ ಹಿತ. ತೊಂದರೆ ಒಂದೇ: ಹಗುರ ಇರುವುದರಿಂದ ಕೈ ಎತ್ತಿದಾಗೆಲ್ಲ ಮೇಲೆ ಜಾರುತ್ತದೆ. ಇದಕ್ಕೆ ಮನೆಯಲ್ಲೇ ಉಪಾಯ ಇದೆ. ಹಳೆಯ ಹತ್ತಿ ಸೀರೆಯ ತುಂಡನ್ನು ಬ್ರಾ ಒಳಗೆ ಜೇಬಿನ ಹಾಗೆ ಹೊಲಿದು ಪ್ಯಾಡನ್ನು ಅದರೊಳಗೆ ಇಡಿ. ಮೊದಲ ತಿಂಗಳು ಕೈ ಹಿಂದಕ್ಕೆ ಹೋಗುವುದಿಲ್ಲ, ಆದ್ದರಿಂದ ಮುಂದೆ ಹುಕ್ ಇರುವ ಬ್ರಾ ತೆಗೆದುಕೊಳ್ಳಿ. ಹೆಣೆದದ್ದು ಸಿಗದಿದ್ದರೆ ಹಳೆ ಹತ್ತಿ ಬಟ್ಟೆ ಮಡಿಸಿಟ್ಟರೂ ನಡೆಯುತ್ತದೆ. ಭಾರ ಬರಲಿ ಅಂತ ಕಾಳು ತುಂಬಿದ ಚೀಲ ಇಡುವುದು ಮಾತ್ರ ಬೇಡ. ಬೆವರಿಗೆ ಮುಗ್ಗುತ್ತದೆ, ಎಳೆ ಗಾಯವನ್ನು ಒತ್ತುತ್ತದೆ.

ಸಿಲಿಕೋನಿನದು ತೂಕದಲ್ಲಿ, ಇಳಿಬೀಳುವ ರೀತಿಯಲ್ಲಿ ನಿಜವಾದದ್ದಕ್ಕೆ ಹತ್ತಿರ. ಬಿಗಿ ಟಾಪ್, ಟೀ ಶರ್ಟ್ ಹಾಕುವವರಿಗೆ, ಇನ್ನೊಂದು ಸ್ತನ ದೊಡ್ಡದಿರುವವರಿಗೆ ಇದು ವಾಸಿ. ಬೆಲೆ ಕೆಲವು ಸಾವಿರ. ಎರಡು ಮೂರು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಆನ್‌ಲೈನ್‌ನಲ್ಲಿ ಅಂದಾಜಿಗೆ ತರಿಸಬೇಡಿ. ನಿಮ್ಮದೇ ಬ್ರಾ, ನಿಮ್ಮದೇ ಬ್ಲೌಸ್ ಹಾಕಿ ನೋಡಿ, ಬಗ್ಗಿ ಎದ್ದು ನೋಡಿ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಅದರ ಹಿಂದೆ ಬೆವರು ನಿಲ್ಲುತ್ತದೆ. ರಾತ್ರಿ ತೆಗೆದು, ತಿಳಿ ಸೋಪಿನಲ್ಲಿ ತೊಳೆದು ಒರೆಸಿ ಅದರ ಡಬ್ಬಿಯಲ್ಲೇ ಇಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಸೀರೆ ಉಡುವವರು ನೆನಪಿಡಬೇಕಾದ್ದು ಸೇಫ್ಟಿ ಪಿನ್. ಸೆರಗಿಗೆ ಹಾಕುವ ಪಿನ್ ತಪ್ಪಿ ಚುಚ್ಚಿದರೆ ಜೆಲ್ ಹೊರಬಂದು ಸಾವಿರಾರು ರೂಪಾಯಿ ಒಂದೇ ಕ್ಷಣಕ್ಕೆ ಹೋಯಿತು. ಪಿನ್ ಭುಜದ ಮೇಲೆ, ಹೆಗಲಿನ ಹಿಂದಕ್ಕೆ ಹಾಕಿ.

ಬಾರ್ಬಿ ಬೊಂಬೆ ಹುಟ್ಟುಹಾಕಿದ ರೂತ್ ಹ್ಯಾಂಡ್ಲರ್‌ಗೆ 1970ರಲ್ಲಿ ಸ್ತನ ತೆಗೆದರು. ಅಂಗಡಿಯಲ್ಲಿ ಸಿಕ್ಕ ಪ್ಯಾಡ್ ಯಾವುದೂ ಸರಿ ಬರಲಿಲ್ಲ. ಕೊನೆಗೆ ಆಕೆ ತಾನೇ ಒಂದು ಕಂಪನಿ ಶುರು ಮಾಡಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಪ್ಯಾಡ್ ಮಾಡಿಸಿ ಮಾರಿದರು. ಚಪ್ಪಲಿಗೆ ಎಡ ಬಲ ಇರುವಾಗ ಇದಕ್ಕೆ ಯಾಕಿರಬಾರದು, ಅಲ್ವಾ? ಕೊಳ್ಳುವಾಗ ಈ ಎಡ ಬಲ ಕೇಳಿ. ಎರಡೂ ಕಡೆಗೆ ಆಗುವಂಥದ್ದೂ ಇರುತ್ತವೆ.

ನನ್ನ ಕೇಳಿದರೆ ಎರಡೂ ಇರಲಿ. ಮನೆಗೆ, ಮಲಗುವಾಗ ಬೇಕೆನಿಸಿದರೆ ಅದಕ್ಕೆ, ಸೆಕೆಗೆ ಹತ್ತಿಯದು. ಆಫೀಸು, ಸಮಾರಂಭಕ್ಕೆ ಸಿಲಿಕೋನಿನದು. ದುಡ್ಡು ಒಂದಕ್ಕೇ ಇದ್ದರೆ ಹತ್ತಿಯದರಲ್ಲಿ ಮೂರು ತಿಂಗಳು ಕಳೆದು ನೋಡಿ. ಆಮೇಲೂ ಸಾಲದು ಅನ್ನಿಸಿದರೆ ಆಗ ಕೊಳ್ಳಿ.

ಮತ್ತೆ ಕಟ್ಟಿಸುವುದು

ಇದರಲ್ಲಿ ಎರಡು ಬಗೆ. ಒಂದು, ಒಳಗೆ ಸಿಲಿಕೋನ್ ಇಂಪ್ಲಾಂಟ್ ಇಡುವುದು. ಇನ್ನೊಂದು, ನಿಮ್ಮ ಮೈಯದೇ ಮಾಂಸ ಕೊಬ್ಬು ತಂದು ಕಟ್ಟುವುದು.

ಇಂಪ್ಲಾಂಟ್‌ನಲ್ಲಿ ಆಪರೇಷನ್ ಚಿಕ್ಕದು, ಮೈಯ ಬೇರೆ ಕಡೆ ಗಾಯ ಇಲ್ಲ. ಕೆಲವರಿಗೆ ಒಂದೇ ಸಲಕ್ಕೆ ಇಡುತ್ತಾರೆ. ಇನ್ನು ಕೆಲವರಿಗೆ ಮೊದಲು ಬಲೂನಿನಂಥ ಚೀಲ ಇಟ್ಟು, ವಾರಗಟ್ಟಲೆ ಅದಕ್ಕೆ ಸಲೈನ್ ತುಂಬುತ್ತಾ ಚರ್ಮ ಹಿಗ್ಗಿಸಿ, ಆಮೇಲೆ ಬದಲಿಸುತ್ತಾರೆ. ಆದರೆ ಇಂಪ್ಲಾಂಟ್ ಜೀವನಪೂರ್ತಿ ಇರುವ ವಸ್ತುವಲ್ಲ. ಒಡೆಯಬಹುದು, ಸುತ್ತ ಗಟ್ಟಿ ಪೊರೆ ಬೆಳೆದು ಎದೆ ಕಲ್ಲಿನಂತಾಗಿ ನೋಯಬಹುದು, ಮುಂದೆಂದೋ ಬದಲಿಸಲು ಮತ್ತೆ ಆಪರೇಷನ್ ಆಗಬಹುದು. ಕರೆಂಟ್ ಕೊಟ್ಟ ಎದೆಗೆ ಈ ತೊಂದರೆಗಳು ಜಾಸ್ತಿ. ಯಾವ ಮೇಲ್ಮೈಯ ಇಂಪ್ಲಾಂಟ್ ಅಂತಲೂ ಕೇಳಿ. ಲಿಂಫೋಮಾ ಅನ್ನುವ ಬಗೆಯ ಅಪರೂಪದ ಒಂದು ಕ್ಯಾನ್ಸರ್‌ಗೆ ನಂಟು ಕಂಡುಬಂದದ್ದರಿಂದ ಅಲರ್ಗನ್ ಕಂಪನಿ 2019ರ ಜುಲೈಯಲ್ಲಿ ತನ್ನ ಬಯೋಸೆಲ್ ಅನ್ನುವ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡಿತು.

ಸ್ವಂತ ಮಾಂಸದ್ದು ದೊಡ್ಡ ಆಪರೇಷನ್. ಹೊಟ್ಟೆಯ ಕೆಳಭಾಗದ ಚರ್ಮ, ಕೊಬ್ಬು, ರಕ್ತನಾಳ ತೆಗೆದು ಎದೆಯ ರಕ್ತನಾಳಕ್ಕೆ ಮೈಕ್ರೋಸ್ಕೋಪ್ ಇಟ್ಟು ಜೋಡಿಸುವುದಕ್ಕೆ ಡೀಪ್ ಫ್ಲಾಪ್ ಅನ್ನುತ್ತಾರೆ. ಹಲವು ಗಂಟೆ ಹಿಡಿಯುತ್ತದೆ. ಇದರಲ್ಲಿ ಹೊಟ್ಟೆಯ ಸ್ನಾಯು ಉಳಿಯುತ್ತದೆ. ಹಳೆಯ ಟ್ರಾಮ್ ಫ್ಲಾಪ್‌ನಲ್ಲಿ ಸ್ನಾಯುವನ್ನೂ ಎತ್ತುವುದರಿಂದ ಹೊಟ್ಟೆ ಬಲ ಕಡಿಮೆಯಾಗಿ ಹರ್ನಿಯಾ ಆಗುವ ಸಾಧ್ಯತೆ ಹೆಚ್ಚು. ಗದ್ದೆ ತೋಟದ ಕೆಲಸ, ಭಾರ ಎತ್ತುವ ಕೆಲಸ ಮಾಡುವವರು ಇದನ್ನು ಕೇಳಲೇಬೇಕು. ಬೆನ್ನಿನ ಸ್ನಾಯು ತಂದು ಕಟ್ಟುವುದೂ ಇದೆ. ಲಾಭ ಅಂದರೆ ಸ್ವಂತ ಮೈಯದೇ ಆದ್ದರಿಂದ ಮೆತ್ತಗೆ, ಬೆಚ್ಚಗೆ ಇರುತ್ತದೆ. ನೀವು ದಪ್ಪಗಾದರೆ ಅದೂ ದಪ್ಪಗಾಗುತ್ತದೆ. ಕರೆಂಟ್ ಆದ ಎದೆಗೆ ಇಂಪ್ಲಾಂಟ್‌ಗಿಂತ ಇದು ಚೆನ್ನಾಗಿ ಹೊಂದುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ಸಿಗರೇಟ್ ಸೇದುವವರಿಗೆ ಎರಡೂ ಬಗೆಯಲ್ಲಿ ಅಪಾಯ ಹೆಚ್ಚು.

ಕಟ್ಟಿಸುವ ಮೊದಲು ಯಾರೂ ಸರಿಯಾಗಿ ಹೇಳದ ವಿಷಯ ಸ್ಪರ್ಶದ್ದು. ಹೊಸ ಸ್ತನ ನೋಡಲು ಸ್ತನ. ಮುಟ್ಟಿದರೆ ಬಹುಮಟ್ಟಿಗೆ ಮರಗಟ್ಟಿದ ಹಾಗೆ. ಸ್ವಲ್ಪ ಸ್ವಲ್ಪ ಮರಳಬಹುದು, ಮೊದಲಿನಂತೆ ಆಗುವುದು ಕಡಿಮೆ. ಹಾಗಾಗಿ ನೋವಿಗೆ ಅಂತ ಬಿಸಿನೀರಿನ ಚೀಲ ಇಟ್ಟುಕೊಳ್ಳಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಸಪಾಟಾಗಿ ಬಿಟ್ಟವರಿಗೂ ಈ ಮಾತು ಸಲ್ಲುತ್ತದೆ. ತೊಟ್ಟು ಬೇಕಿದ್ದರೆ ಆಮೇಲೆ ಚಿಕ್ಕ ಆಪರೇಷನ್ ಅಥವಾ ಹಚ್ಚೆ. "ಕಟ್ಟಿಸಿದರೆ ಕ್ಯಾನ್ಸರ್ ಮತ್ತೆ ಬರುತ್ತೆ" ಅನ್ನುವ ಮಾತು ಸುಳ್ಳು.

ಖರ್ಚು ಖಾಸಗಿ ಆಸ್ಪತ್ರೆಯಲ್ಲಿ ಲಕ್ಷಗಳಲ್ಲಿ. ಇನ್ಶೂರೆನ್ಸ್ ಕಂಪನಿಯವರು "ಇದು ಸೌಂದರ್ಯದ ಆಪರೇಷನ್, ಕೊಡೋಕಾಗಲ್ಲ" ಅಂದರೆ ಸುಮ್ಮನಾಗಬೇಡಿ. ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ರೂಪಿಸಿದ ನಿಯಮದ ಮಾತಿನಲ್ಲೇ ಸೌಂದರ್ಯದ ಆಪರೇಷನ್ ಹೊರಗಿಡುವಾಗ ಅಪಘಾತ, ಸುಟ್ಟಗಾಯ ಮತ್ತು ಕ್ಯಾನ್ಸರ್ ನಂತರದ ಮರುಜೋಡಣೆಗೆ ವಿನಾಯಿತಿ ಕೊಟ್ಟಿದ್ದಾರೆ. ಪಾಲಿಸಿ ಪತ್ರದಲ್ಲಿ ಆ ಸಾಲು ಹುಡುಕಿ ತೋರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನವರು ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಯಾವ ಪ್ಯಾಕೇಜ್‌ನಲ್ಲಿ ಏನು ಸೇರಿದೆ ಅಂತ ಆಪರೇಷನ್‌ಗೆ ಮೊದಲೇ ಕೇಳಿ.

ಅವಸರ ಬೇಡ. ಮೊದಲ ಆಪರೇಷನ್ ಜೊತೆಯಲ್ಲೇ ಕಟ್ಟಿಸಿದರೆ ಚರ್ಮ ಉಳಿದು ಆಕಾರ ಚೆನ್ನಾಗಿ ಬರುತ್ತದೆ, ಎಚ್ಚರ ಆದಾಗ ಎದೆ ಖಾಲಿ ಅನ್ನಿಸುವುದಿಲ್ಲ. ಅದು ನಿಜ. ಆದರೆ ಕ್ಯಾನ್ಸರ್ ಅಂತ ಕೇಳಿ ಎರಡು ವಾರ ಆಗಿಲ್ಲ, ತಲೆ ಗಿರ್ರ್ ಅನ್ನುತ್ತಿರುತ್ತದೆ. ಆ ಹೊತ್ತಲ್ಲಿ ತೀರ್ಮಾನ ಆಗದಿದ್ದರೆ ಬಿಡಿ. ವರ್ಷಗಳು ಕಳೆದ ಮೇಲೂ ಕಟ್ಟಿಸಬಹುದು. "ಅರವತ್ತಾಯ್ತು, ಇನ್ಯಾಕೆ" ಅನ್ನುವವರ ಮಾತಿಗೂ "ಇನ್ನೂ ಚಿಕ್ಕವಯಸ್ಸು, ಮಾಡಿಸ್ಲೇಬೇಕು" ಅನ್ನುವವರ ಮಾತಿಗೂ ನಾನು ಒಂದೇ ಬೆಲೆ ಕೊಡುತ್ತೇನೆ. ಬೇಕು ಬೇಡ ಹೇಳಬೇಕಾದವರು ಆ ಮೈ ಇರುವವರು.

ಒಟ್ಟಿನಲ್ಲಿ ನನ್ನ ಲೆಕ್ಕ ಹೀಗೆ. ಕಷ್ಟ ಹೊರಗೆ ಮಾತ್ರ ಇದ್ದರೆ ಪ್ಯಾಡ್ ಸಾಕು, ದೊಡ್ಡ ಆಪರೇಷನ್ ಬೇಡ. ಸ್ನಾನ ಮಾಡುವಾಗೆಲ್ಲ ಕುಸಿಯುತ್ತೀರಿ, ವರ್ಷ ಕಳೆದರೂ ಅದು ಇಳಿದಿಲ್ಲ ಅಂದರೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಮಾತಾಡಿ. ಆಸ್ಪತ್ರೆ ವಾಸನೆ ಕಂಡರೆ ಆಗದು ಅನ್ನುವಷ್ಟು ಸುಸ್ತಾಗಿದ್ದರೆ ಹಾಗೇ ಬಿಡಿ, ಅದರಲ್ಲಿ ಸೋತದ್ದೇನೂ ಇಲ್ಲ. ಕಷ್ಟ ಮಲಗುವ ಕೋಣೆಯಲ್ಲಿ ಮಾತ್ರ ಇದ್ದರೆ ಆಪರೇಷನ್‌ಗಿಂತ ಮೊದಲು ಬಾಯಿಬಿಟ್ಟು ಮಾತಾಡುವುದು ವಾಸಿ.

ಕನ್ನಡಿ, ಗಂಡ, ಮನಸ್ಸು

ಗಾಯವನ್ನು ಮೊದಲ ಸಲ ನೋಡುವುದನ್ನು ಡ್ರೆಸಿಂಗ್ ಬದಲಿಸುವಾಗ ನರ್ಸ್ ಪಕ್ಕದಲ್ಲಿದ್ದಾಗಲೇ ಮಾಡಿದರೆ ಒಳ್ಳೆಯದು. ಬಾವು ಇಳಿಯುತ್ತದೆ, ಕೆಂಪು ಮಾಸುತ್ತದೆ ಅಂತ ಹೇಳುವವರು ಅಲ್ಲೇ ಇರುತ್ತಾರೆ. ಆಗಲಿಲ್ಲವಾ? ಮನೆಯಲ್ಲಿ ಮೊದಲು ನೈಟಿ ಮೇಲಿಂದ ಕೈ ಇಟ್ಟು ನೋಡಿ. ಇನ್ನೊಂದು ದಿನ ಕಣ್ಣು ಮುಚ್ಚಿ ಚರ್ಮ ಮುಟ್ಟಿ. ಗಾಯ ಪೂರ್ತಿ ಮಾದ ಮೇಲೆ ಎಣ್ಣೆ ಹಚ್ಚಿ ನೀವುವುದೂ ಚರ್ಮ ಸಡಿಲ ಆಗಲು ಬೇಕಾದ ಕೆಲಸವೇ. ದಿನವೂ ಎರಡು ನಿಮಿಷ ಮುಟ್ಟಿದ ಮೈ ನಿಧಾನಕ್ಕೆ ನಮ್ಮದಾಗುತ್ತದೆ. ಇಲ್ಲದ ಸ್ತನದಲ್ಲಿ ತುರಿಕೆ, ನೋವು ಅನ್ನಿಸಿದರೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಕತ್ತರಿಸಿದ ನರಗಳಿಂದ ಹಾಗಾಗುವುದುಂಟು.

ಗಂಡನ ವಿಷಯ. ಎಷ್ಟೋ ಮನೆಗಳಲ್ಲಿ ಆತ ದೂರ ಮಲಗುವುದು ನೋವಾದೀತು ಅನ್ನುವ ಹೆದರಿಕೆಗೆ. ಆಕೆ ಅದನ್ನು ಅಸಹ್ಯ ಅಂತ ಓದುತ್ತಾಳೆ. ಇಬ್ಬರೂ ಬಾಯಿ ಬಿಡುವುದಿಲ್ಲ. "ಇಲ್ಲಿ ಮುಟ್ಟಬಹುದು, ಇಲ್ಲಿ ಇನ್ನೂ ಬೇಡ" ಅಂತ ಹೇಳಿದರೆ ಎಷ್ಟೋ ಸರಿಹೋಗುತ್ತದೆ. ಬ್ರಾ ಅಥವಾ ಮೆತ್ತನೆ ಶರ್ಟ್ ಹಾಕಿಕೊಂಡೇ ಇದ್ದರೂ ತಪ್ಪಿಲ್ಲ. ಕೀಮೋ ಮತ್ತು ಹಾರ್ಮೋನ್ ಮಾತ್ರೆಯಿಂದ ಒಣಗಿದಂತಾಗುವುದು, ಆಸೆ ಬತ್ತುವುದು ಸಾಮಾನ್ಯ. ನೀರಿನ ಅಂಶದ ಜೆಲ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಹಾರ್ಮೋನ್ ಇರುವ ಕ್ರೀಮನ್ನು ಮಾತ್ರ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಚ್ಚಬೇಡಿ.

ಇನ್ನು ಮನಸ್ಸಿಗೆ ಯಾರ ಸಹಾಯ? ಅಕ್ಕ ತಂಗಿ, ಗೆಳತಿ ಅಂದರೆ ಅತ್ತಾಗ ಪಕ್ಕ ಕೂರಲು. ಅವರಿಗೂ ಭಯ ಇರುವುದರಿಂದ "ಹಾಗೆಲ್ಲ ಯೋಚಿಸ್ಬೇಡ ಕಣೇ" ಅಂತ ಮಾತು ಮುಚ್ಚಿಬಿಡುತ್ತಾರೆ. ಅದೇ ಆಪರೇಷನ್ ಆದವರ ಗುಂಪಿನಲ್ಲಿ ಬ್ಲೌಸಿನಿಂದ ಹಿಡಿದು ಹಾಸಿಗೆಯವರೆಗೆ ಏನು ಬೇಕಾದರೂ ಕೇಳಬಹುದು, ಯಾರೂ ಹುಬ್ಬೇರಿಸುವುದಿಲ್ಲ. ಮೈ ಬಗೆಗಿನ ನಾಚಿಕೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಕೊರತೆ ಏನೆಂದರೆ ಗುಂಪಿನಲ್ಲಿ ಒಬ್ಬರಿಗೆ ಕ್ಯಾನ್ಸರ್ ಮರಳಿದ ಸುದ್ದಿ ಬಂದರೆ ಎಲ್ಲರ ನಿದ್ದೆ ಹೋಗುತ್ತದೆ. ವಾಟ್ಸ್ಆ್ಯಪ್ ಗುಂಪಾದರೆ ಕಷಾಯ, ಪವಾಡದ ಎಲೆಗಳ ಫಾರ್ವರ್ಡ್ ಬೇರೆ.

ಮಾತಾಡುವುದೇ ಇಷ್ಟ ಇಲ್ಲದವರು ಬರೆಯಬಹುದು. ಆಸ್ಟ್ರೇಲಿಯಾದ ಮಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು ಸ್ತನ ಕ್ಯಾನ್ಸರ್ ಆದವರಿಗೆ ತಮ್ಮ ಬದಲಾದ ಮೈಗೆ ಗೆಳತಿಗೆ ಬರೆದ ಹಾಗೆ ಅಕ್ಕರೆಯಿಂದ ಬರೆಯಲು ಹೇಳಿ ನೋಡಿದರು. ಮೈ ಬಗೆಗಿನ ಸಂಕಟ ಕಡಿಮೆಯಾಯಿತು. ಒಂದು ನೋಟ್‌ಬುಕ್ ಸಾಕು, ಯಾರಿಗೂ ತೋರಿಸಬೇಕಿಲ್ಲ.

ಕೌನ್ಸೆಲರ್ ಬೇಕಾಗುವುದು ಒಂದೇ ಯೋಚನೆ ಸುತ್ತಿ ಸುತ್ತಿ ಬಂದಾಗ, ಜನರನ್ನು ತಪ್ಪಿಸಿಕೊಂಡು ಓಡಾಡಲು ಶುರುವಾದಾಗ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇಂಥವರು ಇರುತ್ತಾರೆ, ಕೇಳಿದರೆ ಕಳಿಸುತ್ತಾರೆ. ಊರು ದೂರ ಅಂದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಸೇವೆ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಎರಡು ವಾರ ಮೀರಿ ಮನಸ್ಸು ಕುಗ್ಗಿದ್ದರೆ, ನಿದ್ದೆ ಊಟ ಬಿಟ್ಟುಹೋದರೆ ಮನೋವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ, ಅದೇ ದಿನ ಹೋಗಿ. ಖಿನ್ನತೆಯ ಮಾತ್ರೆಯಲ್ಲಿ ಒಂದು ಎಚ್ಚರ ಬೇಕು. ನೀವು ಟಮಾಕ್ಸಿಫೆನ್ ಅನ್ನುವ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಥರದ ಕೆಲವು ಮಾತ್ರೆಗಳು ಅದು ಮೈಯಲ್ಲಿ ಕೆಲಸ ಮಾಡುವ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ. ಬೇರೆ ಮಾತ್ರೆಗಳಿವೆ. ಮನೋವೈದ್ಯರಿಗೆ ಕ್ಯಾನ್ಸರ್ ಮಾತ್ರೆಯ ಚೀಟಿ, ಕ್ಯಾನ್ಸರ್ ಡಾಕ್ಟರಿಗೆ ಇವರ ಚೀಟಿ, ಎರಡೂ ಕಡೆ ತೋರಿಸಿ. ಈಗಾಗಲೇ ನುಂಗುತ್ತಿದ್ದರೆ ಇದನ್ನು ಓದಿ ತಟ್ಟನೆ ನಿಲ್ಲಿಸಬೇಡಿ, ಕೇಳಿಯೇ ಬದಲಿಸಿ.